ಲ್ಯಾಪ್‌ಟಾಪ್ ಚಾರ್ಜರ್ ಹೊರದೇಶಕ್ಕೆ: ಬದಲಿಸಬೇಕಾದ್ದು ವೈರು ಮಾತ್ರ

ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಸೂಟ್‌ಕೇಸು ತುಂಬುವ ಕೆಲಸವೂ ಶುರುವಾಗಿರುತ್ತದೆ. ಆಗಸ್ಟಿನಲ್ಲಿ ಅಮೆರಿಕದ ಕಾಲೇಜು, ಅಕ್ಟೋಬರಿನಲ್ಲಿ ಜರ್ಮನಿಯದು. ಮಗಳ ಬಾಣಂತನಕ್ಕೆಂದು ಹೊರಟ ಅಮ್ಮಂದಿರೂ ಇರುತ್ತಾರೆ. ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಟ್ಟಾದ ಮೇಲೆ ಕೊನೆಗೊಂದು ಪ್ರಶ್ನೆ ಏಳುತ್ತದೆ: ‘ಅಲ್ಲಿ ಕರೆಂಟೇ ಬೇರೆಯಂತಲ್ಲ, ಈ ಚಾರ್ಜರ್ ನಡೆಯುತ್ತದಾ?’

ನಡೆಯುತ್ತದೆ. ಈಗ ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪ್ ಚಾರ್ಜರುಗಳೂ ಎಲ್ಲ ದೇಶದಲ್ಲೂ ನಡೆಯುತ್ತವೆ. ತೊಂದರೆ ಬರುವುದು ಚಾರ್ಜರಿನಿಂದಲ್ಲ, ಚಾರ್ಜರಿಗೂ ಗೋಡೆಗೂ ನಡುವೆ ನಾವು ತಂದು ಸಿಕ್ಕಿಸುವ ವಸ್ತುವಿನಿಂದ. ಹಾಗಾಗಿ ಆ ನಡುವಿನ ವಸ್ತುವಿನ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದೆ.

ಮೊದಲು ಚಾರ್ಜರಿನ ಬೆನ್ನು ಓದಿ

ವೈರಿನ ನಡುವೆ ಇರುವ ಕಪ್ಪು ಇಟ್ಟಿಗೆಯಂಥ ಡಬ್ಬಿಯೇ ನಿಜವಾದ ಚಾರ್ಜರ್. ಅದರ ಬೆನ್ನ ಮೇಲೆ ಕಪ್ಪಿನ ಮೇಲೆ ಬೂದು ಬಣ್ಣದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿರುತ್ತವೆ. ನೇರ ಬೆಳಕಿನಲ್ಲಿ ಅವು ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದಿ.

‘ಇನ್‌ಪುಟ್’ ಎಂಬ ಸಾಲು ಹುಡುಕಿ. ಅಲ್ಲಿ 100–240 ವೋಲ್ಟ್, 50–60 ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬ ಲೆಕ್ಕ) ಎಂದಿದ್ದರೆ ಆ ಚಾರ್ಜರಿಗೆ ವೋಲ್ಟೇಜ್ ಬದಲಿಸುವ ಯಾವ ಪೆಟ್ಟಿಗೆಯೂ ಬೇಡ. 220–240 ಅಥವಾ ಬರೀ 230 ಎಂದಿದ್ದರೆ ಅದನ್ನು ಅಮೆರಿಕ, ಕೆನಡಾ, ಜಪಾನಿಗೆ ಒಯ್ಯಬೇಡಿ. ಯುರೋಪು, ಗಲ್ಫ್, ಆಸ್ಟ್ರೇಲಿಯಾಕ್ಕೆ ಒಯ್ಯಬಹುದು. ಕಂಪನಿಯ ಚಾರ್ಜರುಗಳಲ್ಲಿ ಇಂಥದ್ದು ಅಪರೂಪ. ಮೂಲ ಚಾರ್ಜರ್ ಕೆಟ್ಟ ಮೇಲೆ ಕಡಿಮೆ ದುಡ್ಡಿಗೆ ಕೊಂಡ ಹೆಸರಿಲ್ಲದ ಮಾಲಿನಲ್ಲಿ ಮಾತ್ರ ಇದನ್ನು ತಪ್ಪದೇ ನೋಡಬೇಕು.

ಅದೇ ಸಾಲಿನಲ್ಲಿ 1.5 ಅಥವಾ 1.7 ಆಂಪಿಯರ್ ಎಂದು ಇರುತ್ತದೆ. ಯಾವಾಗಲೂ ಅಷ್ಟು ಎಳೆಯುತ್ತದೆ ಎಂದು ಇದರ ಅರ್ಥವಲ್ಲ. ವೋಲ್ಟೇಜು ತೀರಾ ಕಡಿಮೆ ಇದ್ದಾಗಲೂ ಇದಕ್ಕಿಂತ ಹೆಚ್ಚು ಎಳೆಯುವುದಿಲ್ಲ ಎಂದು ಅರ್ಥ. 65 ವ್ಯಾಟಿನ ಚಾರ್ಜರ್ ಪೂರ್ತಿ ದುಡಿಯುವಾಗ ಗೋಡೆಯಿಂದ ಸುಮಾರು 75 ವ್ಯಾಟ್ ತೆಗೆದುಕೊಳ್ಳುತ್ತದೆ. ನಮ್ಮ 230 ವೋಲ್ಟಿನಲ್ಲಿ ಅದು ಆಂಪಿಯರಿನ ಮೂರನೇ ಒಂದು ಪಾಲು. ಅಮೆರಿಕದ 120 ವೋಲ್ಟಿನಲ್ಲಿ ಅದರ ಇಮ್ಮಡಿಗೆ ಹತ್ತಿರ. ವೋಲ್ಟೇಜು ಕಡಿಮೆಯಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ. ಇಲ್ಲಿ ಹೇಗೋ ನಡೆಯುತ್ತಿದ್ದ ಸಡಿಲ ಪಿನ್ನು ಅಲ್ಲಿ ಬಿಸಿಯಾಗುವುದು ಇದೇ ಕಾರಣಕ್ಕೆ.

‘ಔಟ್‌ಪುಟ್’ ಸಾಲನ್ನೂ ಬರೆದಿಟ್ಟುಕೊಳ್ಳಿ: 19.5 ವೋಲ್ಟ್ 3.34 ಆಂಪಿಯರ್, ಇಲ್ಲವೇ 20 ವೋಲ್ಟ್ 3.25 ಆಂಪಿಯರ್, ಹೀಗೆ ಇರುತ್ತದೆ. ಅಲ್ಲಿ ಹೋಗಿ ಚಾರ್ಜರ್ ಕಳೆದರೆ ಇದೇ ವೋಲ್ಟಿನ, ಇಷ್ಟೇ ಅಥವಾ ಇದಕ್ಕಿಂತ ಹೆಚ್ಚು ಆಂಪಿಯರಿನ, ಇದೇ ಮೂತಿಯ ಚಾರ್ಜರ್ ಕೊಳ್ಳಬೇಕು. ವೋಲ್ಟ್ ಹೆಚ್ಚಾಗಬಾರದು, ಆಂಪಿಯರ್ ಕಡಿಮೆಯಾಗಬಾರದು.

ಎರಡು ವೋಲ್ಟೇಜಿಗೂ ಹೊಂದಿಕೊಳ್ಳುವುದು ಹೇಗೆ

ಚಾರ್ಜರಿನೊಳಗೆ ಹೋದ ಕೂಡಲೇ ಅಲೆಯಾಡುವ ಎ.ಸಿ. ಕರೆಂಟು ಒಂದೇ ದಿಕ್ಕಿನ ಡಿ.ಸಿ. ಆಗುತ್ತದೆ. ನಮ್ಮ 230 ವೋಲ್ಟ್ ಒಳಗೆ ಸುಮಾರು 325 ವೋಲ್ಟ್ ಡಿ.ಸಿ. ಆಗುತ್ತದೆ, ಅಮೆರಿಕದ 120 ವೋಲ್ಟ್ ಸುಮಾರು 170, ಜಪಾನಿನ 100 ವೋಲ್ಟ್ 141. ಆಮೇಲೆ ಒಂದು ಸ್ವಿಚಿಂಗ್ ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಹೊರಗೆ 19.5 ವೋಲ್ಟ್ ಬರುತ್ತಿದೆಯೇ ಎಂದು ಒಳಗಿನ ಐ.ಸಿ. ಚಿಪ್ಪು ಬಿಡದೆ ನೋಡುತ್ತಾ, ಕಡಿಮೆಯಾದರೆ ಟ್ರಾನ್ಸಿಸ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಹೆಚ್ಚಾದರೆ ಕಡಿಮೆ ಹೊತ್ತು. ಆದ್ದರಿಂದ ಜೋಗದ 50 ಹರ್ಟ್ಜಿನ ಕರೆಂಟಾದರೂ ಒಂದೇ, ನಯಾಗರದ 60 ಹರ್ಟ್ಜಿನದಾದರೂ ಒಂದೇ. ಜಪಾನಿನಲ್ಲಂತೂ ಒಂದೇ ದೇಶದಲ್ಲಿ ಎರಡೂ ಇವೆ: ಟೋಕಿಯೊ ಕಡೆ 50, ಒಸಾಕ ಕಡೆ 60. 19ನೇ ಶತಮಾನದ ಕೊನೆಯಲ್ಲಿ ಒಂದು ಊರು ಜರ್ಮನಿಯಿಂದ, ಇನ್ನೊಂದು ಅಮೆರಿಕದಿಂದ ಜನರೇಟರ್ ತರಿಸಿಕೊಂಡಿದ್ದರ ಫಲ ಅದು. ಚಾರ್ಜರಿಗೆ ಅದು ಗೊತ್ತೇ ಆಗುವುದಿಲ್ಲ.

‘ಕನ್ವರ್ಟರ್’ ಎಂದು ಕೇಳಬೇಡಿ

ಇಲ್ಲಿನ ಅಂಗಡಿಗಳಲ್ಲಿ ಒಂದು ಆಕಾರದ ಪಿನ್ನನ್ನು ಇನ್ನೊಂದು ಆಕಾರದ ಸಾಕೆಟ್ಟಿಗೆ ಹೊಂದಿಸುವ ಬಿಡಿ ತುಂಡಿಗೆ ಕನ್ವರ್ಟರ್, ಕನ್ವರ್ಷನ್ ಪ್ಲಗ್ ಎಂದೆಲ್ಲ ಹೇಳುವ ರೂಢಿ. ಲ್ಯಾಪ್‌ಟಾಪ್ ಚಾರ್ಜರಿಗೇ ‘ಅಡಾಪ್ಟರ್’ ಎನ್ನುತ್ತೇವೆ. ಹೊರದೇಶದ ಅಂಗಡಿಯಲ್ಲಿ ಇದು ತಲೆಕೆಳಗು. ಅಲ್ಲಿ ಅಡಾಪ್ಟರ್ ಎಂದರೆ ಪಿನ್ನಿನ ಆಕಾರ ಬದಲಿಸುವ ತುಂಡು, ಕನ್ವರ್ಟರ್ ಎಂದರೆ ವೋಲ್ಟೇಜ್ ಬದಲಿಸುವ ಪೆಟ್ಟಿಗೆ. ಈ ಒಂದು ಮಾತಿನ ಗೊಂದಲದಿಂದ ಹಾಳಾಗುವ ಚಾರ್ಜರುಗಳು ಕಡಿಮೆಯಲ್ಲ.

ಹಾಳಾಗುವುದು ಏಕೆಂದರೆ, ಪ್ರಯಾಣಿಕರಿಗೆಂದು ಮಾರುವ ಹಗುರ ಕನ್ವರ್ಟರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಿದ್ದೂ ಮೇಲೆ 1600 ವ್ಯಾಟ್ ಎಂದು ಬರೆದಿದ್ದರೆ ಅದು ಈ ಜಾತಿಯದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಂತೆ ಅದು ಕರೆಂಟಿನ ಪ್ರತಿ ಅಲೆಯ ಒಂದು ಭಾಗವನ್ನು ಕತ್ತರಿಸಿ ಬಿಡುತ್ತದೆ. ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರದಂಥ ಬರೀ ಕಾಯಿಸುವ ವಸ್ತುಗಳಿಗೆ ಅದು ಸಾಕು. ಕತ್ತರಿಸಿದ ಅಲೆಯನ್ನು ಲ್ಯಾಪ್‌ಟಾಪ್ ಚಾರ್ಜರಿಗೆ ಕೊಟ್ಟರೆ ಒಳಗೆ ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಪ್ರತಿ ಅಲೆಗೂ ಅದನ್ನು ಜೋರಾಗಿ ಎಳೆದುಕೊಂಡು ಬಿಸಿಯಾಗುತ್ತದೆ, ಗುಂಯ್‌ಗುಟ್ಟುತ್ತದೆ, ಕೊನೆಗೆ ಚಾರ್ಜರೋ ಕನ್ವರ್ಟರೋ ಒಂದು ಹೋಗುತ್ತದೆ. ಚಾರ್ಜರ್ ‘ಸೇಫ್’ ಆಗಿರಲಿ ಎಂದು ಕನ್ವರ್ಟರ್ ಹಾಕುವುದು ಇದ್ದ ಅಪಾಯ ತಪ್ಪಿಸುವುದಲ್ಲ, ಇಲ್ಲದ ಅಪಾಯ ತಂದುಕೊಳ್ಳುವುದು.

ಸರಿಯಾದ ದಾರಿ: ಇಟ್ಟಿಗೆ ಅದೇ, ವೈರು ಬೇರೆ

ಗೋಡೆಯಿಂದ ಇಟ್ಟಿಗೆಗೆ ಬರುವ ವೈರನ್ನು ಹಿಡಿದು ಎಳೆಯಿರಿ. ಹೆಚ್ಚಿನವು ಕಳಚಿ ಬರುತ್ತವೆ. ಬಂದ ತುದಿಯ ಆಕಾರ ನೋಡಿ.

ಬಿಲ್ವಪತ್ರೆಯ ಹಾಗೆ ಮೂರು ದುಂಡುಗಳು ಸೇರಿದ್ದರೆ ಅದು ಸಿ5. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಇದೇ. ಇಂಗ್ಲಿಷಿನ 8ರ ಆಕಾರದಲ್ಲಿ ಎರಡು ತೂತಿದ್ದರೆ ಸಿ7. ಇದಕ್ಕೆ ಅರ್ತ್ ಇಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದೆ ಚುಚ್ಚುವ ಅಗಲವಾದ ಮೂತಿಯಾದರೆ ಸಿ13. 200 ವ್ಯಾಟ್ ಮೀರಿದ ಗೇಮಿಂಗ್ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ಇದು ಬೇಕು. ಈ ಆಕಾರಗಳು ಪ್ರಪಂಚಕ್ಕೆಲ್ಲ ಒಂದೇ. ದೇಶದಿಂದ ದೇಶಕ್ಕೆ ಬದಲಾಗುವುದು ಗೋಡೆಯ ಕಡೆಯ ತುದಿ ಮಾತ್ರ.

ಅಂದರೆ ಹೋದ ಊರಿನಲ್ಲಿ ಅಲ್ಲಿನ ಪಿನ್ನಿರುವ ಒಂದು ಸಿ5 ವೈರು ಕೊಂಡರೆ ಮುಗಿಯಿತು. ನಡುವೆ ತುಂಡಿಲ್ಲ, ಸಡಿಲವಿಲ್ಲ, ಅರ್ತ್ ಪೂರ್ತಿ ಸಿಗುತ್ತದೆ. ತಿಂಗಳುಗಟ್ಟಲೆ ಇರುವವರಿಗೆ ಇದನ್ನು ಬಿಟ್ಟು ಬೇರೆ ಏನನ್ನೂ ಹೇಳುವುದು ಸರಿಯಲ್ಲ. ಮೊದಲ ಎರಡು ದಿನಕ್ಕೆ ಮಾತ್ರ ಒಂದು ಅಡಾಪ್ಟರ್ ಜೊತೆಗಿರಲಿ. ಹೊರಡುವ ಮುಂಚೆಯೇ ವೈರು ಬೇಕೆನ್ನುವವರು ಶಿವಮೊಗ್ಗದ ಹಳೇ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಹೊರದೇಶದಿಂದ ಬಂದ ಯಂತ್ರಗಳ ಜೊತೆ ಬಂದ ವೈರುಗಳು ಕೆಲವೆಡೆ ಬಿದ್ದಿರುತ್ತವೆ. ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಒಳ್ಳೆಯ ಪಿನ್ನು ಹಿತ್ತಾಳೆಯದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಮೇಲೆ ಬಣ್ಣ ಹಿಡಿಸಿದ ಕಬ್ಬಿಣ.

ಆಪಲ್ ಚಾರ್ಜರಿನ ಪಿನ್ನಿನ ತಲೆಯನ್ನು ಜಾರಿಸಿ ತೆಗೆಯಬಹುದು. ಅಲ್ಲಿನ ತಲೆ ಕೊಂಡು ಕೂರಿಸಿದರೆ ಸಾಕು.

ವೈರು ಕತ್ತರಿಸಿ ಅಲ್ಲಿನ ಪ್ಲಗ್ಗು ಕಟ್ಟುವ ಸಾಹಸ ಬೇಡ. ನಮ್ಮ ಹಳೇ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ರೂಢಿಯ ಕೈ ಇಲ್ಲಿ ತಪ್ಪಿಸುತ್ತದೆ.

ಯಾವ ದೇಶದಲ್ಲಿ ಏನು

ಅಮೆರಿಕ, ಕೆನಡಾ: 120 ವೋಲ್ಟ್. ಎರಡು ಚಪ್ಪಟೆ ಪಟ್ಟಿ, ಕೆಳಗೊಂದು ದುಂಡನೆಯ ಅರ್ತ್. ಬಿ ಟೈಪ್ ಎನ್ನುತ್ತಾರೆ. ಅರ್ತ್ ಇಲ್ಲದ್ದು ಎ ಟೈಪ್. ಎರಡು ಪಟ್ಟಿಗಳಲ್ಲಿ ಒಂದು ತುಸು ಅಗಲ ಇರುವುದುಂಟು. ಒಂದು ಕಡೆಯಿಂದ ಹೋಗದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ಹಳೇ ಬಾಡಿಗೆ ಮನೆಗಳ ಸಾಕೆಟ್ಟು ಸವೆದು ಸಡಿಲವಾಗಿರುತ್ತದೆ, ಭಾರದ ಅಡಾಪ್ಟರ್ ಜೋತು ಬೀಳುತ್ತದೆ.

ಬ್ರಿಟನ್, ಐರ್ಲೆಂಡ್, ದುಬೈ, ಕತಾರ್, ಒಮಾನ್, ಕುವೈತ್, ಸಿಂಗಪುರ, ಮಲೇಷ್ಯಾ: ಮೂರು ಚೌಕ ಪಿನ್ನಿನ ಜಿ ಟೈಪ್, ವೋಲ್ಟೇಜು ನಮ್ಮಂತೆಯೇ 230–240. ಸೌದಿಯಲ್ಲೂ ಇದೇ ಪಿನ್ನು, ಆದರೆ 60 ಹರ್ಟ್ಜ್. ಇಲ್ಲಿ ಫೇಸ್, ನ್ಯೂಟ್ರಲ್ ತೂತುಗಳಿಗೆ ಒಳಗಿನಿಂದ ಬಾಗಿಲಿರುತ್ತದೆ; ಉದ್ದನೆಯ ಅರ್ತ್ ಪಿನ್ನು ಒಳಹೊಕ್ಕಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ನಮ್ಮ ಎರಡು ಪಿನ್ನಿನ ಫೋನ್ ಚಾರ್ಜರ್ ತುರುಕಲು ಅರ್ತ್ ತೂತಿಗೆ ಪೆನ್ನು ಹಾಕುವ ಅಭ್ಯಾಸ ಗಲ್ಫಿಗೆ ಹೋದವರಲ್ಲಿ ಇದೆ. ಅದನ್ನು ಬಿಡಿ. ಪಿನ್ನು ಸರಿಯಾಗಿ ಕೂರದೆ ಒಳಗೆ ಕಿಡಿ ಹಾರುತ್ತದೆ, ಮಕ್ಕಳಿಂದ ಕಾಯುವ ಬಾಗಿಲೂ ಕೆಡುತ್ತದೆ. ಬ್ರಿಟನ್ನಿನ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ. ಸಿ5 ವೈರಿನ ಪ್ಲಗ್ಗಿಗೆ 3 ಆಂಪಿಯರಿನದು ಹೊಂದುತ್ತದೆ, 13ರದ್ದನ್ನು ಹಾಕಬೇಡಿ. ಬಚ್ಚಲುಮನೆಯಲ್ಲಿ ಷೇವಿಂಗ್ ಮೆಷಿನ್ನಿಗೆಂದೇ ಇರುವ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಹಾಕಬೇಡಿ, ಅದರ ಶಕ್ತಿ ಬಹಳ ಸಣ್ಣದು.

ಜರ್ಮನಿ, ಫ್ರಾನ್ಸ್ ಮತ್ತು ಯುರೋಪಿನ ಹೆಚ್ಚಿನ ದೇಶಗಳು: 230 ವೋಲ್ಟ್, ಎರಡು ದುಂಡು ಪಿನ್ನು, ಬಟ್ಟಲಿನಂತೆ ಒಳಗೆ ತಗ್ಗಾದ ಸಾಕೆಟ್ಟು. ನಮ್ಮ ಜನ ಎಡವುವುದು ಇಲ್ಲೇ ಹೆಚ್ಚು, ಏಕೆಂದರೆ ನೋಡಲು ನಮ್ಮದರಂತೆಯೇ ಇದೆ. ಆ ಸಾಕೆಟ್ಟಿನ ತೂತು 4.8 ಮಿ.ಮೀ. ಪಿನ್ನಿಗೆ ಮಾಡಿದ್ದು. ತೆಳು 4 ಮಿ.ಮೀ. ಪಿನ್ನಿನ ಫೋನ್ ಚಾರ್ಜರ್ ಸಲೀಸಾಗಿ ಹೋಗುತ್ತದೆ. ನಮ್ಮ 6 ಆಂಪಿಯರ್ ಪ್ಲಗ್ಗಿನ ಪಿನ್ನು 5 ಮಿ.ಮೀ.ಗೂ ತುಸು ದಪ್ಪ; ಒತ್ತಿ ತೂರಿಸಿದರೆ ಒಳಗಿನ ಹಿಡಿತ ಅಗಲವಾಗಿ ಆಮೇಲೆ ಅಲ್ಲಿನ ಪ್ಲಗ್ಗೇ ಸಡಿಲವಾಗುತ್ತದೆ. ಅರ್ತ್ ಜರ್ಮನಿಯಲ್ಲಿ ಬಟ್ಟಲಿನ ಅಂಚಿನ ಎರಡು ಕ್ಲಿಪ್ಪುಗಳಲ್ಲಿದೆ, ಫ್ರಾನ್ಸಿನಲ್ಲಿ ಸಾಕೆಟ್ಟಿನಿಂದಲೇ ಒಂದು ಕಡ್ಡಿ ಹೊರಗೆ ಚಾಚಿರುತ್ತದೆ. ಚೌಕನೆಯ ದಪ್ಪ ಅಡಾಪ್ಟರ್ ಈ ಬಟ್ಟಲಿನಲ್ಲಿ ಕೂರುವುದೇ ಇಲ್ಲ. ಒಳ್ಳೆಯ ಸುದ್ದಿಯೆಂದರೆ ಅಲ್ಲಿ ಕೊಳ್ಳುವ ಅಚ್ಚು ಹಾಕಿದ ವೈರುಗಳ ಪ್ಲಗ್ಗು ಜರ್ಮನಿ, ಫ್ರಾನ್ಸ್ ಎರಡಕ್ಕೂ ಹೊಂದುವಂತೆ ಮಾಡಿರುತ್ತಾರೆ. ಸ್ವಿಟ್ಜರ್ಲೆಂಡಿನದು ಮಾತ್ರ ಬೇರೆಯೇ ಆಕಾರ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್: 230 ವೋಲ್ಟ್, ಓರೆಯಾದ ಎರಡು ಪಟ್ಟಿ. ಜಪಾನ್: 100 ವೋಲ್ಟ್, ಹೆಚ್ಚಿನ ಕಡೆ ಬರೀ ಎರಡು ಪಟ್ಟಿ, ಅರ್ತ್ ತೂತು ಇರುವುದಿಲ್ಲ. ನೇಪಾಳದಲ್ಲಿ ನಮ್ಮ ಪ್ಲಗ್ಗೇ ನಡೆಯುತ್ತದೆ.

ಅಡಾಪ್ಟರೇ ಬೇಕಾದರೆ

ಎಲ್ಲ ದೇಶಕ್ಕೂ ಆಗುವ ಒಂದೇ ಅಡಾಪ್ಟರಿಗಿಂತ ಒಂದು ದೇಶಕ್ಕೆಂದೇ ಮಾಡಿದ್ದು ಮೇಲು. ಎಲ್ಲ ಆಕಾರವನ್ನೂ ಒಪ್ಪಿಕೊಳ್ಳುವ ತೂತು ಯಾವ ಆಕಾರವನ್ನೂ ಬಿಗಿಯಾಗಿ ಹಿಡಿಯುವುದಿಲ್ಲ, ಸಡಿಲವಾದ ಕಡೆ ಬಿಸಿ ಏರುತ್ತದೆ. ಇಂಥ ಬಹುದೇಶಿ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ ಅರ್ತ್ ಸಂಪರ್ಕವೂ ಇಲ್ಲ. ಮೂರನೇ ತೂತು ಕಂಡ ಮಾತ್ರಕ್ಕೆ ಅರ್ತ್ ಇದೆ ಎಂದುಕೊಳ್ಳಬೇಡಿ. ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಕೊಟ್ಟರೆ ಮೂರನೇ ತೂತಿನಿಂದ ಹೊರಗಿನ ಅರ್ತ್ ಪಿನ್ನಿಗೆ ಸಂಪರ್ಕ ಇದೆಯೇ ಎಂದು ಅರೆ ನಿಮಿಷದಲ್ಲಿ ಹೇಳುತ್ತಾರೆ.

ಮನೆಯಲ್ಲೇ ಇನ್ನೊಂದು ಪರೀಕ್ಷೆ: ಚಾರ್ಜರಿನ ಪ್ಲಗ್ಗನ್ನು ಅಡಾಪ್ಟರಿಗೆ ಸಿಕ್ಕಿಸಿ, ಅಡಾಪ್ಟರನ್ನು ಹಿಡಿದು ತಲೆಕೆಳಗು ಮಾಡಿ ಮೆಲ್ಲಗೆ ಅಲ್ಲಾಡಿಸಿ. ಪ್ಲಗ್ಗು ಕಳಚಿ ಬಿದ್ದರೆ ಅದನ್ನು ಅಂಗಡಿಗೆ ವಾಪಸ್ ಕೊಡಿ. ಹೋದ ಊರಿಗೆ ತಲುಪಿದ ಮೇಲೆ, ಅರ್ಧ ಗಂಟೆ ಚಾರ್ಜ್ ಆದ ನಂತರ ಮುಟ್ಟಿ ನೋಡಿ. ಇಟ್ಟಿಗೆ ಬೆಚ್ಚಗಾಗುವುದು ಸಹಜ. ಪಿನ್ನಿನ ಕಡೆ, ಅಡಾಪ್ಟರಿನ ಕಡೆ ಬಿಸಿ ಇರಬಾರದು. ಇದ್ದರೆ ಅಂದೇ ಬಳಕೆ ನಿಲ್ಲಿಸಿ, ಸುಟ್ಟ ವಾಸನೆ ಬರುವ ತನಕ ಕಾಯಬೇಡಿ.

ಹಲವು ಸಾಮಾನು ಚಾರ್ಜ್ ಮಾಡಬೇಕಾದವರು ಒಂದು ಅಡಾಪ್ಟರಿಗೆ ನಮ್ಮ ಊರಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕುವುದುಂಟು. ಲ್ಯಾಪ್‌ಟಾಪ್, ಫೋನುಗಳ ಮಟ್ಟಿಗೆ ಅದು ಸರಿಯೇ. ಆದರೆ 6 ಆಂಪಿಯರಿನ ಅಡಾಪ್ಟರ್ 120 ವೋಲ್ಟಿನಲ್ಲಿ ಹೊರುವುದು ಒಟ್ಟು 720 ವ್ಯಾಟ್ ಮಾತ್ರ. ಅದೇ ಬಾಕ್ಸಿಗೆ ಕೆಟಲ್ ಸಿಕ್ಕಿಸಬಾರದು.

ಮೊದಲ ಸಲ ಹಾಕುವಾಗ

ಅಮೆರಿಕ, ಜರ್ಮನಿಯ ಸಾಕೆಟ್ಟುಗಳಿಗೆ ನಮ್ಮಂತೆ ಪಕ್ಕದಲ್ಲಿ ಸ್ವಿಚ್ ಇಲ್ಲ. ತೂತಿನಲ್ಲಿ ಸದಾ ಕರೆಂಟಿರುತ್ತದೆ. ಕೈ ಒಣಗಿರಲಿ. ಮೊದಲು ವೈರನ್ನು ಇಟ್ಟಿಗೆಗೆ ಭದ್ರವಾಗಿ ಕೂರಿಸಿ, ಆಮೇಲೆ ಗೋಡೆಗೆ ಒಂದೇ ಸಲಕ್ಕೆ ನೇರವಾಗಿ ಒತ್ತಿ, ಕೊನೆಯಲ್ಲಿ ಲ್ಯಾಪ್‌ಟಾಪಿಗೆ. ಗೋಡೆಗೆ ಒತ್ತುವಾಗ ಚಟ್ ಎಂದು ಸಣ್ಣ ಕಿಡಿ ಕಂಡರೆ ಗಾಬರಿ ಬೇಡ. ಖಾಲಿ ಕೆಪಾಸಿಟರ್ ತುಂಬಿಕೊಳ್ಳುವ ಗಳಿಗೆ ಅದು. ನಿಧಾನಕ್ಕೆ ಅರೆಬರೆ ತೂರಿಸುತ್ತಾ ಹೋದರೆ ಕಿಡಿ ಹತ್ತಾರು ಸಲ ಹಾರಿ ಪಿನ್ನು ಕಪ್ಪಾಗುತ್ತದೆ.

ಅಮೆರಿಕದ ಕೋಣೆಯಲ್ಲಿ ಸಾಕೆಟ್ಟಿಗೆ ಕರೆಂಟೇ ಬಾರದಿದ್ದರೆ ಬಾಗಿಲ ಬಳಿಯ ದೀಪದ ಸ್ವಿಚ್ ಒತ್ತಿ ನೋಡಿ, ಕೆಲವು ಸಾಕೆಟ್ಟುಗಳು ಅದರ ಹಿಡಿತದಲ್ಲಿರುತ್ತವೆ. ಅಡುಗೆಮನೆಯ ಸಾಕೆಟ್ಟಾದರೆ ಅದರ ನಡುವೆ ‘ರಿಸೆಟ್’ ಗುಂಡಿ ಇರುತ್ತದೆ, ಒತ್ತಿ.

ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟರೆ ಜುಮ್ ಎನ್ನುತ್ತಿದ್ದರೆ ಅರ್ತ್ ಸಿಗುತ್ತಿಲ್ಲ ಎಂದರ್ಥ. ಕರೆಂಟಿನಲ್ಲಿ ಏಳುವ ಗದ್ದಲ ತಡೆಯಲೆಂದು ಚಾರ್ಜರಿನೊಳಗೆ ಇಟ್ಟ ಸಣ್ಣ ಕೆಪಾಸಿಟರ್ ಮೂಲಕ ಅತಿ ಕಡಿಮೆ ಕರೆಂಟು ಮೈಗೆ ಬರುತ್ತದೆ. ಅರ್ತ್ ಇದ್ದರೆ ಅದು ನೆಲಕ್ಕೆ ಇಳಿಯುತ್ತಿತ್ತು. ಮಲೆನಾಡಿನ ಹಳೇ ಮನೆಗಳಲ್ಲಿ ಬೇಸಿಗೆ ಬಂದು ಅರ್ತಿಂಗ್ ಗುಂಡಿಯ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಆಗುವುದೂ ಇದೇ. ಇಲ್ಲಿ ಗುಂಡಿಗೆ ನೀರು ಸುರಿಯುತ್ತೇವೆ. ಅಲ್ಲಿ ಮೂರು ಪಿನ್ನಿನ ಸರಿಯಾದ ವೈರು ಹಾಕಿದರೆ ನಿಲ್ಲುತ್ತದೆ. ಜುಮ್ ಎನ್ನುವ ಬದಲು ಬಿಗಿಯಾದ ಷಾಕ್ ಹೊಡೆದರೆ ಚಾರ್ಜರೇ ಕೆಟ್ಟಿದೆ, ಅದನ್ನು ಬಿಸಾಡಿ.

ವಿಮಾನದಲ್ಲಿ

ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣದಿಂದ ಹೊರಟರೂ ಬೆಂಗಳೂರಿಗೆ ರೈಲಿನಲ್ಲಿ ಹೋದರೂ ಚಾರ್ಜರ್ ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್. ಲೆಕ್ಕ ಹೀಗೆ: 20,000 ಮಿಲಿಆಂಪಿಯರ್-ಅವರ್ ಅಂದರೆ 20 ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿದರೆ 74. ಸರಿ. 30,000ದ್ದು 111 ಆಗುತ್ತದೆ, ಅದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಸೀಟಿನ ಸಾಕೆಟ್ಟಿನ ಶಕ್ತಿ ಕಡಿಮೆ. ಗೇಮಿಂಗ್ ಲ್ಯಾಪ್‌ಟಾಪಿನ ದೊಡ್ಡ ಚಾರ್ಜರ್ ಹಾಕಿದರೆ ಅದು ಆರಿಹೋಗುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ ಚಾರ್ಜ್‌ಗೆ ಹಾಕಿದರೆ ಕೆಲವೊಮ್ಮೆ ನಡೆಯುತ್ತದೆ.

ಟೈಪ್-ಸಿ ಮೂತಿಯ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೂ ಸುಲಭ. ಅಲ್ಲಿನ ಪಿನ್ನಿರುವ 65 ವ್ಯಾಟಿನ ಟೈಪ್-ಸಿ ಚಾರ್ಜರ್ ಒಂದನ್ನು ಕೊಂಡರೆ ಫೋನಿಗೂ ಅದೇ ಆಗುತ್ತದೆ. ಯುರೋಪಿನ ಒಕ್ಕೂಟ ಫೋನುಗಳಿಗೆ 2024ರ ಡಿಸೆಂಬರ್ 28ರಿಂದ ಟೈಪ್-ಸಿ ಕಡ್ಡಾಯ ಮಾಡಿತು, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28 ಎಂದು ಗೊತ್ತುಮಾಡಿತು. ಕೇಬಲ್ ಮಾತ್ರ ನೋಡಿ ಕೊಳ್ಳಿ: ಸಾಧಾರಣ ಕೇಬಲ್ 3 ಆಂಪಿಯರಿನದು, ಅಂದರೆ 60 ವ್ಯಾಟ್, 100 ವ್ಯಾಟ್ ಬೇಕಾದರೆ 5 ಆಂಪಿಯರಿನದೇ ಬೇಕು.

ಮಿಕ್ಸಿ ಒಯ್ಯಬೇಡಿ, ಅಲ್ಲಿಂದ ಸ್ಪೈಕ್ ಬಾಕ್ಸ್ ತರಬೇಡಿ

ಚಾರ್ಜರಿಗೆ ಹೇಳಿದ್ದು ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆಗೆ ಹೊಂದುವುದಿಲ್ಲ. ಅವುಗಳ ಬೆನ್ನ ಮೇಲೆ ಬರೀ 230 ಎಂದಿರುತ್ತದೆ. ನಮ್ಮ 1500 ವ್ಯಾಟಿನ ಕೆಟಲ್ ಅಮೆರಿಕದಲ್ಲಿ ಸುಮಾರು 400 ವ್ಯಾಟಿಗೆ ಇಳಿಯುತ್ತದೆ, ಏಕೆಂದರೆ ವೋಲ್ಟೇಜು ಅರ್ಧವಾದರೆ ಕಾವು ಕಾಲುಪಾಲಾಗುತ್ತದೆ. ಮಿಕ್ಸಿಗೆ ಚಟ್ನಿ ಅರೆಯುವ ಶಕ್ತಿಯೇ ಬರುವುದಿಲ್ಲ. 110 ವೋಲ್ಟಿಗೆಂದೇ ಮಾಡಿದ ಮಿಕ್ಸಿಗಳಿವೆ, ಅವನ್ನೇ ಕೊಳ್ಳಿ.

ವಾಪಸ್ ಬರುವಾಗ ಇದೇ ಲೆಕ್ಕ ತಿರುಗುಮುರುಗು, ಮತ್ತು ಹೆಚ್ಚು ಅಪಾಯದ್ದು. 120 ವೋಲ್ಟಿನ ರೈಸ್ ಕುಕ್ಕರ್ ಇಲ್ಲಿ ಸಿಕ್ಕಿಸಿದರೆ ಸುಮಾರು ನಾಲ್ಕು ಪಟ್ಟು ಕಾದು ಸುಟ್ಟುಹೋಗುತ್ತದೆ. ಅಮೆರಿಕದ ಸ್ಪೈಕ್ ಬಾಕ್ಸ್ (ವೋಲ್ಟೇಜು ದಿಢೀರನೆ ಏರಿದಾಗ ಕಾಪಾಡುವ ಎಕ್ಸ್‌ಟೆನ್ಷನ್ ಬಾಕ್ಸ್) ಇನ್ನೂ ಮೋಸದ್ದು: ಅದರೊಳಗಿನ ರಕ್ಷಣೆಯ ಬಿಲ್ಲೆ 130–150 ವೋಲ್ಟ್ ದಾಟಿದರೆ ಹರಿಸಲು ಶುರುಮಾಡುವಂಥದ್ದು, ನಮ್ಮ 230ಕ್ಕೆ ಅದು ಬಿಡದೆ ಹರಿಸುತ್ತಾ ಕಾದು ಬೆಂಕಿ ಹಿಡಿಯಬಹುದು. ಅಲ್ಲಿ ಕೊಂಡ ಸಿ5 ವೈರಿನ ಪ್ಲಗ್ಗಿನ ಮೇಲೂ 125 ವೋಲ್ಟ್ ಎಂದೇ ಬರೆದಿರುತ್ತದೆ. ಊರಿಗೆ ಬಂದ ಮೇಲೆ ಅದನ್ನು ಎತ್ತಿಟ್ಟು ಹಳೇ ವೈರನ್ನೇ ಹಾಕಿ. ಡೆಸ್ಕ್‌ಟಾಪ್ ಕಂಪ್ಯೂಟರ್ ತಂದಿದ್ದರೆ ಹಿಂದುಗಡೆ 115/230 ಎಂಬ ಸಣ್ಣ ಕೆಂಪು ಸ್ವಿಚ್ ಇದೆಯೇ ನೋಡಿ. ಅದು 115ರಲ್ಲೇ ಇರುವಾಗ ಇಲ್ಲಿನ ಕರೆಂಟು ಕೊಟ್ಟರೆ ಢಂ ಎನ್ನುತ್ತದೆ.

ಅಲ್ಲಿ ಕೊಂಡ 100–240 ವೋಲ್ಟಿನ ಚಾರ್ಜರ್ ಇಲ್ಲಿ ನಿಶ್ಚಿಂತೆಯಿಂದ ನಡೆಯುತ್ತದೆ. ಸಂಜೆ ಹೊತ್ತು ವೋಲ್ಟೇಜು 170ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಮೇಲಕ್ಕೆ ಹೋದರೆ ಮಾತ್ರ ತಡೆಯುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನಿನ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನ ಹತ್ತಿರ ನುಗ್ಗಬಹುದು, ಒಳಗೆ ಅದು 560 ದಾಟುತ್ತದೆ. ಚಾರ್ಜರಿನ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ದೀಪಗಳಲ್ಲಿ ಕೆಲವು ಕಣ್ಣು ಕುಕ್ಕುವಂತೆ ಉರಿದು ಕೆಲವು ಮಂಕಾದರೆ ಮೇನ್ ಆಫ್ ಮಾಡಿ, ಲೈನ್‌ಮನ್ನಿಗೆ ಫೋನ್ ಮಾಡಿ. ಗುಡುಗು ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.